ನಮ್ಮ ಹಳ್ಳ ಶಿವರಾತ್ರಿಗೇ ಬತ್ತುತ್ತಿದೆ, ಮಳೆಯ ಲೆಕ್ಕ ಮಾತ್ರ ಇಳಿದಿಲ್ಲ. ಹಾಗಾದರೆ ಹೋಗಿದ್ದು ಏನು?

ದರಕಿನ_ಬೆಟ್ಟ · ಸಿದ್ದಾಪುರ, ಉತ್ತರ ಕನ್ನಡ · ಜೂನ್ 9, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮ ತೋಟದ ತಲೆಯಲ್ಲಿ ಒಂದು ಹಳ್ಳ ಇದೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಯುಗಾದಿ ಕಳೆದು ಹಲಸು ಬಲಿಯುವವರೆಗೂ ಅದರಲ್ಲಿ ನೀರು ಇರುತ್ತಿತ್ತು. ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಸೀದಾ ಬಚ್ಚಲ ಹಂಡೆಯ ಪಕ್ಕ ಬೀಳುತ್ತಿತ್ತು. ರಾತ್ರಿ ಆ ಸದ್ದು ಕೇಳದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಶಿವರಾತ್ರಿ ಹೊತ್ತಿಗೇ ಹಳ್ಳದ ಬಿಳಿಕಲ್ಲು ಕಾಣುತ್ತವೆ. ಹೋದ ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಲು ಬೋರು ಹೊಡೆಸಿದೆವು. ಮಲೆನಾಡಿನಲ್ಲಿ ಬೋರು! ಅಪ್ಪ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಅಪ್ಪ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟು ಹತ್ತಾರು ವರ್ಷದಿಂದ ಪ್ರತಿದಿನ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದಾರೆ. ಮೊನ್ನೆ ಕುಳಿತು ಎಲ್ಲ ಕೂಡಿಸಿದೆ. ವರ್ಷದ ಒಟ್ಟು ಮಳೆ ಏರುತ್ತದೆ, ಇಳಿಯುತ್ತದೆ, ಆದರೆ ಒಂದೇ ಸಮ ಕುಸಿದಿಲ್ಲ. ಬದಲಾಗಿರುವುದು ಪುಟಗಳ ಚಹರೆ. ಹಳೆಯ ಪುಸ್ತಕಗಳಲ್ಲಿ ಆರಿದ್ರೆಯಿಂದ ಆಶ್ಲೇಷದವರೆಗೆ ಒಂದು ಸಾಲೂ ಖಾಲಿ ಇಲ್ಲ. ಈಚಿನವುಗಳಲ್ಲಿ ಹತ್ತು ದಿನ ಮಳೆ ಇಲ್ಲವೆಂಬ ಗೀಟು, ಆಮೇಲೆ ಮಾಪಕ ತುಂಬಿ ಚೆಲ್ಲಿದ ಎರಡು ದಿನ, ಮತ್ತೆ ಗೀಟು.

ಇನ್ನೊಂದು ಸಂಗತಿ. ಹಳ್ಳ ಹುಟ್ಟುವ ಗುಡ್ಡದ ಒಂದು ಮಗ್ಗುಲಲ್ಲಿ ಈಗಲೂ ಹಳೆಯ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಉಳಿದಿದೆ. ಇನ್ನೊಂದು ಮಗ್ಗುಲು ಬೋಳಾಗಿ, ಆಮೇಲೆ ಅಕೇಶಿಯಾ ನೆಡುತೋಪಾಯಿತು. ಊರಲ್ಲಿ ಎಲ್ಲರದೂ ಒಂದೇ ಮಾತು: ಕಾಡು ಹೋಯಿತು, ಮಳೆ ಹೋಯಿತು. ಆದರೆ ಅಪ್ಪನ ಪುಸ್ತಕದ ಪ್ರಕಾರ ಮಳೆ ಹೋಗಿಲ್ಲವಲ್ಲ. ಹಾಗಾದರೆ ನಿಜವಾಗಿ ಆಗಿದ್ದು ಏನು?

ಘಟ್ಟದ_ಕೆಳಗಿನವ · ಹೊನ್ನಾವರ · ಜೂನ್ 9, ರಾತ್ರಿ 9:35

ನಮ್ಮಲ್ಲೂ ಇದೇ ಕಥೆ. ಬಾವಿ ಮೇ ತಿಂಗಳಲ್ಲಿ ತಳ ಕಾಣುತ್ತದೆ, ಜುಲೈನಲ್ಲಿ ಅದೇ ಬಾವಿಯ ಕಟ್ಟೆ ಮುಳುಗುತ್ತದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂಗುನೀರು · ಬೆಂಗಳೂರು · ಜೂನ್ 10, ಬೆಳಿಗ್ಗೆ 7:10

ನಾನು ಜಲವಿಜ್ಞಾನದ ವಿದ್ಯಾರ್ಥಿ. ನಿಮ್ಮ ತಾಲ್ಲೂಕಿನ ಕಾಡುಗಳಲ್ಲಿ ಎರಡು ಮಳೆಗಾಲ ಉಂಬಳ ಕಚ್ಚಿಸಿಕೊಂಡು ಅಳತೆ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಕಹಿ ಮಾತು. ಘಟ್ಟದ ಪಶ್ಚಿಮ ಮಗ್ಗುಲಿನ ಜಡಿಮಳೆಯನ್ನು ಮುಖ್ಯವಾಗಿ ತರುವುದು ಕಾಡಲ್ಲ. ಅರಬ್ಬೀ ಸಮುದ್ರದಿಂದ ತೇವ ಹೊತ್ತ ಗಾಳಿ ಬರುತ್ತದೆ, ಗೋಡೆಯ ಹಾಗೆ ನಿಂತ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿದು ಸುರಿಯುತ್ತದೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಬೀಳುವುದು, 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4508 ಮಿಲಿಮೀಟರ್ ಸುರಿದದ್ದು ಸಮುದ್ರ ಮತ್ತು ಬೆಟ್ಟದ ಕೆಲಸ. ನಾಳೆ ಘಟ್ಟ ಬೋಳಾದರೂ ಅಲ್ಲಿ ಮಳೆ ನಿಂತುಹೋಗುವುದಿಲ್ಲ. ಕಾಡನ್ನು ಪ್ರೀತಿಸುವವರಿಗೆ ಇದನ್ನು ಕೇಳಲು ಹಿಂಸೆ ಆಗುತ್ತದೆ, ನನಗೂ ಆಗಿತ್ತು. ಆದರೆ ಇದನ್ನು ಒಪ್ಪಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಘಟ್ಟದ ನೆತ್ತಿಯಲ್ಲಿ ಕಾಡಿನ ದೊಡ್ಡ ಕೆಲಸ ಶುರುವಾಗುವುದು ಮಳೆ ನೆಲಕ್ಕೆ ಬಿದ್ದ ಮೇಲೆ. ನಾವು ಮಾಡುತ್ತಿದ್ದುದು ಸರಳ ಪರೀಕ್ಷೆ. ಒಂದರೊಳಗೊಂದು ಇಟ್ಟ ಎರಡು ಕಬ್ಬಿಣದ ಬಳೆಗಳನ್ನು ನೆಲಕ್ಕೆ ಬಡಿದು ಕೂರಿಸಿ, ನೀರು ತುಂಬಿಸಿ, ಗಡಿಯಾರ ನೋಡುತ್ತಾ ಕೂರುವುದು. ಕಾನಿನಲ್ಲಿ ಮೇಲೊಂದು ಪದರ ದರಕು (ಉದುರಿದ ಒಣ ಎಲೆ), ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಬೆರಳು ಹಾಕಿದರೆ ಒಳಗೆ ಹೋಗುವಷ್ಟು ಸಡಿಲ ಕಪ್ಪು ಮಣ್ಣು. ಎರೆಹುಳದ ತೂತು, ಗೆದ್ದಲಿನ ದಾರಿ, ಸತ್ತ ಬೇರು ಕೊಳೆತು ಉಳಿದ ಕೊಳವೆಗಳು. ನೀರು ನಿಲ್ಲುವುದೇ ಇಲ್ಲ. ದನ ತುಳಿದು, ವರ್ಷವರ್ಷ ಬೆಂಕಿ ಬಿದ್ದು, ಮಣ್ಣಿನ ಮೇಲ್ಪದರ ಗಟ್ಟಿಯಾದ ಕಡೆ ಅದೇ ನೀರು ಕನ್ನಡಿಯ ಹಾಗೆ ನಿಂತಿರುತ್ತದೆ. ಉತ್ತರ ಕನ್ನಡದಲ್ಲೇ ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ಜೊತೆಗಾರರು ಸಹಜ ಕಾಡು, ಹಾಳುಬಿದ್ದ ಕಾಡು, ಅಕೇಶಿಯಾ ನೆಡುತೋಪು, ಮೂರನ್ನೂ ಅಳೆದಿದ್ದಾರೆ. ನೀರು ಇಂಗುವುದರಲ್ಲಿ ಸಹಜ ಕಾಡು ಮುಂದು, ಹಾಳುಬಿದ್ದ ನೆಲ ಕೊನೆ, ಅಕೇಶಿಯಾ ನಡುವೆ ಎಲ್ಲೋ. ಗಿಡ ನೆಟ್ಟು ಹಸಿರು ಕಂಡ ಮಾತ್ರಕ್ಕೆ ಮಣ್ಣು ತನ್ನ ಹಳೆಯ ಗುಣಕ್ಕೆ ಬೇಗ ಮರಳುವುದಿಲ್ಲ.

ಈಗ ನಿಮ್ಮ ತಂದೆಯವರ ನೋಟ್‌ಬುಕ್. ಬಂಗಾರದಂಥ ದಾಖಲೆ ಅದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಷ್ಟು ದಿನ ಹಿಡಿದು, ಬಿಟ್ಟಾಗ ಒಮ್ಮೆಗೇ ಬಿಡುತ್ತದೆ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಎಂದು ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ತಂಡದವರು 2017ರಲ್ಲಿ ತೋರಿಸಿದರು. ನಿಮ್ಮ ಗುಡ್ಡದ ಮೇಲೂ ಮಳೆಯ ನಡೆ ಬದಲಾಗಿದೆ. ಮೊದಲು ದಿನವಿಡೀ ಜಿನುಗುತ್ತಿದ್ದ ನೀರನ್ನು ಕುಡಿಯಬೇಕಿದ್ದ ಮಣ್ಣು ಈಗ ಅಷ್ಟನ್ನೇ ಎರಡು ಗಂಟೆಯಲ್ಲಿ ಕುಡಿಯಬೇಕು. ಮಳೆ ರಭಸವಾಯಿತು, ಅದೇ ಹೊತ್ತಿಗೆ ನೆಲದ ಬಾಯಿ ಕಿರಿದಾಯಿತು. ಎರಡೂ ಸೇರಿ ನಿಮ್ಮ ಹಳ್ಳದ ಫೆಬ್ರವರಿಯ ನೀರು ಜುಲೈನಲ್ಲೇ ಶರಾವತಿಗೋ ಅಘನಾಶಿನಿಗೋ ಓಡಿಹೋಗುತ್ತಿದೆ.

ದರಕಿನ_ಬೆಟ್ಟ · ಜೂನ್ 10, ಬೆಳಿಗ್ಗೆ 9:20

ಅಪ್ಪನಿಗೆ ಓದಿ ಹೇಳಿದೆ. "ನೆಲದ ಬಾಯಿ ಕಿರಿದಾಯಿತು" ಎನ್ನುವ ಕಡೆ ಇನ್ನೊಮ್ಮೆ ಓದು ಎಂದರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಸುತ್ತಿನವರು ಕಳಸೆ ಕಾಡಿನಲ್ಲಿ ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತಾಗ ಅಪ್ಪ ಮೂವತ್ತರ ಹರೆಯದವರು. ಆಗ ಅಲ್ಲಿ ಸೇರಿದ್ದವರಿಗೆ ಬಳೆಯ ಪರೀಕ್ಷೆ ಗೊತ್ತಿರಲಿಲ್ಲ, ಹಳ್ಳ ಸೊರಗುವುದು ಮಾತ್ರ ಗೊತ್ತಿತ್ತು ಎಂದರು.

ಕಪ್ಪುನೆಲದ_ಶೇಂಗಾ · ಚಳ್ಳಕೆರೆ · ಜೂನ್ 10, ಮಧ್ಯಾಹ್ನ 1:15

ಓದಿದೆ. ನಿಮ್ಮ ಕಡೆ ಮೂರು ಸಾವಿರ ಮಿಲಿಮೀಟರ್ ಬಂದು ಹೆಚ್ಚಾಗಿ ಓಡಿಹೋಗೋ ಕಷ್ಟ. ನಮ್ಮ ಕಡೆ ವರ್ಷಕ್ಕೆ ಐನೂರರ ಆಸುಪಾಸು, ಅದೂ ಬಂದರೆ ಬಂತು. ಘಟ್ಟದ ಬೆನ್ನಿಗೆ ಬಿದ್ದಿರೋ ಮಳೆನೆರಳಿನ ಜನ ನಾವು. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತಲ್ಲ, ಆ ವರ್ಷ ಬಿತ್ತಿದ ಬೀಜವೂ ಕೈಗೆ ಬರಲಿಲ್ಲ. ನಾನು ಕೇಳೋದು ಇಷ್ಟೇ. ಇನ್ನೂರು ಕಿಲೋಮೀಟರ್ ಆಚೆ ಇರೋ ನಿಮ್ಮ ಕಾನು ಉಳಿದರೆ, ಹೋದರೆ, ನನ್ನ ಹೊಲಕ್ಕೆ ಏನಾದರೂ ಆಗುತ್ತಾ? ಆಗೋದಿಲ್ಲ ಅಂದರೂ ಬೇಜಾರಿಲ್ಲ, ನಿಜ ಹೇಳಿ.

ಇಂಗುನೀರು · ಜೂನ್ 10, ರಾತ್ರಿ 10:05

ಆಗುತ್ತದೆ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನಿಮ್ಮ ಪ್ರಶ್ನೆಯೇ.

ಬಿದ್ದ ಮಳೆಯಲ್ಲಿ ಒಂದು ಪಾಲನ್ನು ಕಾಡು ಮತ್ತೆ ಗಾಳಿಗೆ ಕೊಡುತ್ತದೆ. ಬೇರು ಹೀರಿದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಡುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಮೂಡಣಕ್ಕೆ. ಹಾಗಾಗಿ ಘಟ್ಟದ ಕಾಡು ಉಸಿರಾಡಿದ ತೇವ ಹೆಚ್ಚಾಗಿ ಬೀಳುವುದು ಘಟ್ಟದ ಮೇಲಲ್ಲ, ಅದರ ಪೂರ್ವಕ್ಕೆ. 2018ರಲ್ಲಿ ಮುಂಬೈ ಐಐಟಿಯ ಸುಪಂಥ ಪಾಲ್, ಸುಬಿಮಲ್ ಘೋಷ್ ಮತ್ತಿತರರು ಇದನ್ನು ಲೆಕ್ಕ ಹಾಕಿದರು. ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ಬೀಳುವ ಮಳೆಯ ತೇವದಲ್ಲಿ ಶೇ. 25ರಿಂದ 40ರಷ್ಟು ಪಶ್ಚಿಮ ಘಟ್ಟದ ಸಸ್ಯರಾಶಿಯಿಂದ ಹೋದದ್ದು. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಈ ಪಾಲು ಅರ್ಧದವರೆಗೂ ಏರುತ್ತದೆ.

ಕೊನೆಯ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಸಮುದ್ರದ ಗಾಳಿ ಸುಸ್ತಾದಾಗ ಕಾಡಿನ ಪಾಲು ಹಿಗ್ಗುತ್ತದೆ. ಕಾಡಿನ ಬೇರು ಆಳದಲ್ಲಿದೆ, ವಾರಗಟ್ಟಲೆ ಮಳೆ ಬಿಡುವು ಕೊಟ್ಟರೂ ಹಿಂದೆ ಇಂಗಿದ್ದನ್ನು ಎತ್ತಿ ಕಳಿಸುತ್ತಿರುತ್ತದೆ. ಹುಲ್ಲಿಗೂ ಬೆಳೆಗೂ ಆ ಕಸುವಿಲ್ಲ. ಆ ಅಧ್ಯಯನ ತಮಿಳುನಾಡಿನ ಮೇಲೆ ನಡೆದದ್ದು, ಚಿತ್ರದುರ್ಗಕ್ಕೆ ಅದೇ ಅಂಕಿ ಅಂಟಿಸಲು ನಾನು ಸಿದ್ಧನಿಲ್ಲ. ಆದರೆ ನಿಮ್ಮ ಹೊಲ ಇರುವುದೂ ಅದೇ ಗಾಳಿಯ ದಾರಿಯಲ್ಲಿ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಮೆಹರ್-ಹೋಮ್‌ಜಿ 1980ರ ಹೊತ್ತಿಗೇ ಪಶ್ಚಿಮ ಕರ್ನಾಟಕದ ಹಳೆಯ ಮಳೆ ದಾಖಲೆಗಳನ್ನು ಹರಡಿಕೊಂಡು, ಕಾಡು ಹೆಚ್ಚು ನಾಶವಾದ ಕಡೆ ಮಳೆದಿನಗಳು ಇಳಿಯುವುದನ್ನು ಗುರುತಿಸಿದ್ದರು.

ತಂಪಿನ ಮಾತೂ ಇದರಲ್ಲೇ ಬರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಸುಮಾರು 0.67 ಯೂನಿಟ್ ಶಾಖ ಬೇಕು. ದಿನಕ್ಕೆ ನೂರು ಲೀಟರ್ ಆವಿ ಬಿಡುವ ಮರ 67 ಯೂನಿಟ್‌ನಷ್ಟು ಬಿಸಿಯನ್ನು ತನ್ನ ಸುತ್ತಲಿನಿಂದ ಹೀರಿ ಮೇಲಕ್ಕೆ ಸಾಗಿಸುತ್ತದೆ. ಕಾನಿನೊಳಗೆ ಕಾಲಿಟ್ಟ ಕ್ಷಣ ಮೈಗೆ ತಾಗುವ ಚಳಿ ಬರೀ ನೆರಳಿನದ್ದಲ್ಲ.

ಕಪ್ಪುನೆಲದ_ಶೇಂಗಾ · ಜೂನ್ 10, ರಾತ್ರಿ 10:40

ಮಳೆ ಬಿಡುವು ಕೊಟ್ಟಾಗ ಬರೋ ಆ ಒಂದು ಹದ ಮಳೆ ಇದೆಯಲ್ಲ, ಹೂ ಬಿಟ್ಟ ಶೇಂಗಾ ಕಾಯಿ ಕಟ್ಟೋಕೆ ಮಣ್ಣಿಗೆ ಊಡು ಇಳಿಸೋ ಹೊತ್ತಿಗೆ ಬರೋದು, ಅದರ ಮೇಲೆ ನಮ್ಮ ವರ್ಷ ನಿಂತಿರುತ್ತೆ. ಅದರಲ್ಲಿ ನಿಮ್ಮ ಕಾಡಿನ ನೀರು ಇರಬಹುದು ಅಂತ ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಗಣಿತದ_ಮೇಷ್ಟ್ರು · ಹೊಸಕೋಟೆ · ಜೂನ್ 11, ಬೆಳಿಗ್ಗೆ 6:45

ಇಂಗುನೀರು ಅವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸಬೇಕು. ಮರ ನೀರನ್ನು ಗಾಳಿಗೆ ಕೊಡುತ್ತದೆ ಎಂದರೆ ಎಲ್ಲಿಂದಲೋ ತೆಗೆದುಕೊಂಡೇ ಕೊಡಬೇಕು. ನಮ್ಮ ಹೊಸಕೋಟೆ, ಕೋಲಾರ ಸೀಮೆ ಅದನ್ನು ಬಾಳಿ ನೋಡಿದೆ. ರಾಗಿ ಹೊಲಗಳಿಗೆ ನೀಲಗಿರಿ ಬಂತು. ದೂರದಿಂದ ನೋಡಿದರೆ ಹಸಿರೇ ಹಸಿರು. ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ಜಲವಿಜ್ಞಾನಿ ಮತ್ತು ನಮ್ಮ ರಾಜ್ಯದ ಸಂಶೋಧಕರು ಸೇರಿ ಹೊಸಕೋಟೆ ಹತ್ತಿರ ಅಳತೆ ಮಾಡಿ 1997ರಲ್ಲಿ ಪ್ರಕಟಿಸಿದರು. ಆ ನೀಲಗಿರಿ ಮರಗಳು ಬಿದ್ದ ಮಳೆಗಿಂತಲೂ ಹೆಚ್ಚು ನೀರು ಬಳಸುತ್ತಿದ್ದವು! ಬೇರು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಆಳಕ್ಕೆ ಇಳಿದು, ಮಣ್ಣಿನಲ್ಲಿ ಮೊದಲೇ ಕೂಡಿದ್ದ ತೇವವನ್ನು ಪದರ ಪದರವಾಗಿ ಹೀರುತ್ತಿದ್ದವು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಶಾಲೆಯಲ್ಲಿ ವನಮಹೋತ್ಸವದ ದಿನ ಮಕ್ಕಳ ಕೈಗೆ ಸಸಿ ಕೊಡುವಾಗ ನನಗೆ ಇದು ನೆನಪಾಗುತ್ತದೆ. ಯಾವ ಸಸಿ, ಯಾವ ನೆಲಕ್ಕೆ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೇನೆ. ಈಗ ನಮ್ಮಲ್ಲಿ ಹೊಂಗೆ, ಬೇವು, ಹುಣಸೆ.

ಇಂಗುನೀರು · ಜೂನ್ 11, ಬೆಳಿಗ್ಗೆ 8:30

ಮೇಷ್ಟ್ರು ಹೇಳಿದ್ದು ಅಕ್ಷರಶಃ ಸರಿ. ಇದು ಆದಾಯ ಮತ್ತು ಖರ್ಚಿನ ಲೆಕ್ಕ. ಇಂಗಿಸಿಕೊಟ್ಟದ್ದು ಆದಾಯ, ಮರ ಕುಡಿದದ್ದು ಖರ್ಚು. ಮೂರು ಸಾವಿರ ಮಿಲಿಮೀಟರ್ ಬೀಳುವ ಇಳಿಜಾರಿನಲ್ಲಿ ಸಹಜ ಕಾಡು ಇಂಗಿಸುವುದು ಅದು ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು, ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೆ. ಏಳೆಂಟುನೂರು ಮಿಲಿಮೀಟರ್ ಬೀಳುವ ಬಯಲಿನಲ್ಲಿ, ಬೇಗ ಬೆಳೆಯುವ ಒಂದೇ ಜಾತಿಯ ಮರವನ್ನು ಒತ್ತೊತ್ತಾಗಿ ನೆಟ್ಟರೆ ಖರ್ಚೇ ಮೇಲಾಗುತ್ತದೆ. ಕುದುರೆಮುಖದ ಶೋಲಾ (ಬೆಟ್ಟದ ಕಣಿವೆಗಳ ಕುಳ್ಳು ಕಾಡು) ಸುತ್ತಲಿನ ಹುಲ್ಲುಗಾವಲಿನಲ್ಲಿ ಮರ ನೆಡುವುದೂ ಇಂಥದೇ ತಪ್ಪು. ಅಲ್ಲಿ ಹುಲ್ಲೇ ಕಾಡಿನ ಅರ್ಧ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಆ ಹುಲ್ಲಿನ ಮಡಿಲಲ್ಲಿ.

ಕಾಫಿಕಣಿವೆ · ಮಡಿಕೇರಿ ತಾಲ್ಲೂಕು · ಜೂನ್ 11, ರಾತ್ರಿ 9:10

ಕೊಡಗಿನಿಂದ ಎರಡು ಮಾತು.

ನಮಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಕಾಫಿ ಮೊಗ್ಗು ಅರಳಿಸುವ ಒಂದು ಹೂಮಳೆ ಬೇಕು, ಅದಾದ ಕೆಲ ವಾರಕ್ಕೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ. ಇವೆರಡು ಸರಿಯಾಗಿ ಬಿದ್ದರೆ ತೋಟವಿಡೀ ಮಲ್ಲಿಗೆ ಹಾಸಿದ ಹಾಗೆ. ಈಗ ಹೂಮಳೆ ಒಂದು ತೋಟಕ್ಕೆ ಬಿದ್ದರೆ ಪಕ್ಕದ ತೋಟಕ್ಕಿಲ್ಲ, ಕೆಲವೊಮ್ಮೆ ಕೊಯ್ಲು ಮುಗಿಯುವ ಮೊದಲೇ ಮಳೆ ಬಂದು ಹಣ್ಣು, ಹೂ ಎರಡೂ ಒಂದೇ ಗಿಡದಲ್ಲಿ. ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಅದಕ್ಕೆ ತೋಡಿನ ನೀರೇ ಬೇಕು. ನಮ್ಮ ಅಜ್ಜನ ಕಾಲದಲ್ಲಿ ಕಾಫಿಗೆ ನೆರಳು ಕೊಡುತ್ತಿದ್ದುದು ಅತ್ತಿ, ಹಲಸು, ನಂದಿ, ಬೀಟೆ. ಈಗ ಗೆರೆ ಎಳೆದ ಹಾಗೆ ಸಿಲ್ವರ್ ಓಕ್. ಮೆಣಸಿನ ಬಳ್ಳಿಗೆ ಅನುಕೂಲ, ಮಾರಲು ಸುಲಭ, ನಮ್ಮ ತೋಟದಲ್ಲೂ ಇದೆ. ಆದರೆ ಅದರ ಅಡಿಯ ನೆಲ ಮಾರ್ಚ್‌ನಲ್ಲಿ ಕಾದ ಹಂಚು. ಹಳೆಯ ಅತ್ತಿ ಮರದ ಬುಡದಲ್ಲಿ ಅದೇ ದಿನ ಕೈಯಿಟ್ಟರೆ ತಂಪು. ಇದನ್ನು ಪ್ರತಿ ವರ್ಷ ಮುಟ್ಟಿ ನೋಡುತ್ತೇನೆ.

ಎರಡನೆಯದು ಹೇಳುವುದು ಕಷ್ಟ. 2018ರ ಆಗಸ್ಟ್ ಮಧ್ಯದ ಆ ದಿನಗಳಲ್ಲಿ ನಮ್ಮ ಎದುರಿನ ಗುಡ್ಡ ಇಳಿದು ಬಂತು. ಮೊದಲು ಮಣ್ಣಿನ ವಾಸನೆ, ಆಮೇಲೆ ಹೆಲಿಕಾಪ್ಟರ್ ಹತ್ತಿರ ಬಂದ ಹಾಗೆ ಸದ್ದು. ರಸ್ತೆಗೆ, ಮನೆ ಸೈಟಿಗೆ ಗುಡ್ಡದ ಕಾಲು ಕಡಿದ ಕಡೆ ಹೆಚ್ಚು ಜಾರಿತ್ತು, ಅದನ್ನು ಕಣ್ಣಾರೆ ಕಂಡೆವು. ಆದರೆ ಮರಗಳಿದ್ದ ಇಳಿಜಾರೂ ಜಾರಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಕುಸಿತ ಶುರುವಾದದ್ದೂ ಮೇಲಿನ ಕಾಡಿನಲ್ಲೇ. ಬೇರು ಹಿಡಿಯುವುದು ಮೇಲಿನ ಕೆಲವು ಅಡಿ ಮಣ್ಣನ್ನು. ಅದರ ಕೆಳಗಿನ ಮಣ್ಣೇ ನೀರಿನಿಂದ ಬಿಗಿದು ತೇಲಿದರೆ ಮರವೂ ಜೊತೆಗೇ ಹೋಗುತ್ತದೆ. ವಯನಾಡಿನ ಆ ಮಳೆಯನ್ನು ಹವಾಮಾನ ಬದಲಾವಣೆ ಸುಮಾರು ಶೇ. 10ರಷ್ಟು ಜೋರು ಮಾಡಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕಾಡಿದ್ದರೆ ಎಲ್ಲವನ್ನೂ ಅದೇ ತಡೆಯುತ್ತದೆ ಎಂದು ಕಾಡಿನ ತಲೆಯ ಮೇಲೆ ಹೊರಿಸಿ ನಾವು ಸುಮ್ಮನಿರುವ ಹಾಗಿಲ್ಲ. ಮಳೆಯೇ ಬದಲಾಗಿದೆ.

ಘಟ್ಟದ_ಕೆಳಗಿನವ · ಜೂನ್ 11, ರಾತ್ರಿ 9:50

ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಪಕ್ಕದ ಗುಡ್ಡ ಬಿದ್ದಾಗ ನಾವೂ ವಾರಗಟ್ಟಲೆ ನದಿ ದಡದಲ್ಲಿ ನಿಂತು ನೋಡಿದವರು. ನಿಮ್ಮ ಮಾತು ಅರ್ಥವಾಗುತ್ತದೆ.

ಒಂದು ಪ್ರಶ್ನೆ. ಕಾಡೇ ಸಮುದ್ರದ ಗಾಳಿಯನ್ನು ಒಳನಾಡಿಗೆ ಎಳೆಯುತ್ತದೆ, ಪಂಪಿನ ಹಾಗೆ, ಎಂದು ಒಂದು ವಿಡಿಯೊದಲ್ಲಿ ನೋಡಿದ್ದೆ. ನಿಜವೇ?

ಇಂಗುನೀರು · ಜೂನ್ 12, ಬೆಳಿಗ್ಗೆ 7:25

ರಷ್ಯಾದ ಗೋರ್ಶ್‌ಕೋವ್ ಮತ್ತು ಮಕಾರಿಯೆವಾ 2007ರಲ್ಲಿ ಮುಂದಿಟ್ಟ ವಾದ ಅದು, ಜೈವಿಕ ಪಂಪು ಎನ್ನುತ್ತಾರೆ. ಕಾಡಿನ ಮೇಲೆ ಆವಿ ಹನಿಯಾದಾಗ ಗಾಳಿಯ ಒತ್ತಡ ಇಳಿದು ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ ಎಂಬುದು ತರ್ಕ. ಹವಾಮಾನ ವಿಜ್ಞಾನಿಗಳಲ್ಲಿ ಹಲವರು ಒಪ್ಪಿಲ್ಲ, ಚರ್ಚೆ ಮುಗಿದಿಲ್ಲ. ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಕಾಡು ತೇವವನ್ನು ಮರಳಿಸುತ್ತದೆ ಎಂಬುದು ಮಾತ್ರ ಗಟ್ಟಿ ನೆಲ. 1979ರಲ್ಲಿ ಬ್ರೆಜಿಲ್‌ನ ಎನೆಯಾಸ್ ಸಲಾತಿ ಮಳೆನೀರಿನ ಐಸೊಟೋಪು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆದು, ಅಮೆಜಾನ್ ತನ್ನ ಮಳೆಯ ಅರ್ಧದಷ್ಟನ್ನು ತಾನೇ ಮತ್ತೆ ಮತ್ತೆ ಬಳಸುತ್ತದೆ ಎಂದು ತೋರಿಸಿದ್ದರು. ಅಟ್ಲಾಂಟಿಕ್‌ನಿಂದ ಬಂದ ನೀರು ಆಂಡಿಸ್ ತಲುಪುವಷ್ಟರಲ್ಲಿ ಹಲವು ಸಲ ಮಳೆಯಾಗಿ ಹಲವು ಸಲ ಎಲೆಯಾಚೆ ಹಾರಿರುತ್ತದೆ. ಅಂಥ ಅಮೆಜಾನಿನ ಆಗ್ನೇಯ ಭಾಗ ಈಗ ಹೀರುವುದಕ್ಕಿಂತ ಹೆಚ್ಚು ಇಂಗಾಲ ಹೊರಬಿಡುತ್ತಿದೆ ಎಂದು 2021ರಲ್ಲಿ ಲೂಸಿಯಾನಾ ಗಟ್ಟಿ ಅವರ ತಂಡ ವಿಮಾನದಿಂದ ಗಾಳಿ ಹಿಡಿದು ಅಳೆದು ಹೇಳಿತು. ಅದನ್ನು ಓದಿದ ದಿನ ಕೆಲಸ ಮಾಡಲಾಗಲಿಲ್ಲ.

ಕೆಲೋನಾ_ಕನ್ನಡಿಗ · ಬ್ರಿಟಿಷ್ ಕೊಲಂಬಿಯಾ, ಕೆನಡಾ · ಜೂನ್ 12, ಬೆಳಿಗ್ಗೆ 11:40

ಊರು ತೀರ್ಥಹಳ್ಳಿ, ಈಗ ಇರುವುದು ಕೆಲೋನಾದಲ್ಲಿ. ಹವಾಮಾನ ಕಾಡನ್ನು ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಮನೆ ಕಿಟಕಿಯಿಂದಲೇ ನೋಡುತ್ತೇನೆ. ಪೈನ್ ಮರದ ತೊಗಟೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಕಪ್ಪು ದುಂಬಿ ಇರುತ್ತದೆ. ಮೊದಲೆಲ್ಲ ಚಳಿಗಾಲದಲ್ಲಿ ಮೈನಸ್ 35, 40 ಡಿಗ್ರಿಗೆ ಕೆಲವು ದಿನ ಇಳಿದರೆ ಅದರ ಮರಿಗಳು ಸಾಯುತ್ತಿದ್ದವು. ಚಳಿಗಾಲ ಮೆತ್ತಗಾಯಿತು, ದುಂಬಿ ಉಳಿಯಿತು, ಈ ಪ್ರಾಂತ್ಯದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಅದರ ಪೆಟ್ಟು ಬಿತ್ತು. 2021ರ ಜೂನ್ 29ರಂದು ಲಿಟನ್ ಎಂಬ ಸಣ್ಣ ಊರಿನಲ್ಲಿ 49.6 ಡಿಗ್ರಿ, ಮರುದಿನ ಊರೇ ಸುಟ್ಟಿತು. 2023ರ ಆಗಸ್ಟ್‌ನಲ್ಲಿ ಸರೋವರದ ಆಚೆ ದಡದ ಗುಡ್ಡ ರಾತ್ರಿಯಿಡೀ ಉರಿಯುವುದನ್ನು ನಾವು ಸೂಟ್‌ಕೇಸ್ ಕಟ್ಟಿಟ್ಟುಕೊಂಡು ನೋಡಿದೆವು. ಮಗಳು ಕೇಳಿದಳು, ಜಿಂಕೆಗಳು ಎಲ್ಲಿಗೆ ಹೋದವು ಅಂತ.

ಇಲ್ಲಿನ ಕಾಡಿಗೂ ನಮ್ಮ ಮುಂಗಾರಿಗೂ ನಂಟು ಇದೆ ಎಂದು ಎಲ್ಲೋ ಓದಿದ ನೆನಪು. ಇಂಗುನೀರು, ಗೊತ್ತಿದ್ದರೆ ಹೇಳಿ.

ಇಂಗುನೀರು · ಜೂನ್ 12, ರಾತ್ರಿ 9:00

ನೀವು ಓದಿದ್ದು ಬಹುಶಃ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೇವರಾಜು, ಜಿ. ಬಾಲ ಮತ್ತು ಮೋದಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಕಂಪ್ಯೂಟರ್ ಮಾದರಿಯಲ್ಲಿ ಬೇರೆ ಬೇರೆ ಅಕ್ಷಾಂಶಗಳ ಕಾಡು ಅಳಿಸಿ ನೋಡಿದರು. ಉತ್ತರದ ಹಿಮನಾಡುಗಳಲ್ಲಿ ಕಾಡು ಹೋದರೆ ಬಿಳಿ ಹಿಮ ಬಯಲಾಗಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಉತ್ತರ ಗೋಳ ತಣ್ಣಗಾಗುತ್ತದೆ, ಭೂಮಧ್ಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಏಟು ಹೆಚ್ಚು ಬಿದ್ದದ್ದು ದಕ್ಷಿಣ ಏಷ್ಯಾದ ಮುಂಗಾರಿಗೆ, ಭಾರತದ ಮಳೆ ಶೇ. 18 ಕುಸಿಯಿತು. ಕಾಡನ್ನು ಪೂರ್ತಿ ಅಳಿಸಿದ ಪ್ರಯೋಗ ಅದು, ನಾಳೆ ಹಾಗೆಯೇ ಆಗುತ್ತದೆ ಎಂದಲ್ಲ. ಆದರೆ ಕೆನಡಾ, ರಷ್ಯಾದ ಮರಕ್ಕೂ ಚಳ್ಳಕೆರೆಯ ಶೇಂಗಾಕ್ಕೂ ನಡುವೆ ಒಂದು ದಾರ ಇದೆ.

ಬೆಂಕಿರೇಖೆ · ಗುಂಡ್ಲುಪೇಟೆ · ಜೂನ್ 13, ಮಧ್ಯಾಹ್ನ 3:30

ಅಪ್ಪ ಕಾಡಿನಲ್ಲಿ ಬೆಂಕಿ ಕಾಯುವ ದಿನಗೂಲಿ ಮಾಡುತ್ತಿದ್ದವರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಾಗ ಹಸಿ ಸೊಪ್ಪಿನ ಕೊಂಬೆಯಲ್ಲಿ ಬೆಂಕಿ ಬಡಿಯಲು ನಾನೂ ಹೋಗಿದ್ದೆ. ಲಂಟಾನ ಎಷ್ಟೆತ್ತರ ಬೆಳೆದಿತ್ತೆಂದರೆ ಬೆಂಕಿ ನೆಲದಲ್ಲಿ ಹರಿಯದೆ ಪೊದೆಯಿಂದ ಪೊದೆಗೆ ಹಾರುತ್ತಿತ್ತು. ಅದು ಹೊತ್ತಿದರೆ ಎಣ್ಣೆ ಸುರಿದ ಹಾಗೆ ಚಟಪಟ. ಬೆಂಕಿ ಆದ ಜಾಗದಲ್ಲಿ ಮೊದಲು ಚಿಗುರುವುದೂ ಅದೇ ಲಂಟಾನ. ಒಣ ವರ್ಷ ಬೆಂಕಿ ತರುತ್ತದೆ, ಬೆಂಕಿ ಲಂಟಾನ ತರುತ್ತದೆ, ಲಂಟಾನ ಮುಂದಿನ ಬೆಂಕಿಗೆ ಸೌದೆ ಒಟ್ಟುತ್ತದೆ. ಕಾಡಿನೊಳಗೆ ಬೆಂಕಿ ಹಚ್ಚುವುದು ಮನುಷ್ಯನೇ, ಅದು ಬೇರೆ ಮಾತು. ಆದರೆ ಹಿಂದೆ ಒಂದೆಕರೆಗೆ ಆರುತ್ತಿದ್ದ ಬೆಂಕಿ ಈಗ ಗುಡ್ಡ ದಾಟುತ್ತದೆ.

ದರಕಿನ_ಬೆಟ್ಟ · ಜೂನ್ 13, ರಾತ್ರಿ 9:30

ಇಷ್ಟು ಜನ ಇಷ್ಟು ಅಕ್ಕರೆಯಿಂದ ಬರೆದದ್ದಕ್ಕೆ ಏನು ಹೇಳಲಿ. ನಾನು ಕಂಡ ಒಂದು ಸಂಗತಿ ನಾನೂ ಸೇರಿಸುತ್ತೇನೆ.

ನಮ್ಮ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿ ಇದೆ. ವರ್ಷವಿಡೀ ಕಾಲಡಿ ನೀರು ನಿಲ್ಲುವ ಜಾಗ. ಮರಗಳ ಬೇರು ಉಸಿರಿಗಾಗಿ ಕೆಸರಿನಿಂದ ಮೇಲೆದ್ದು ಮಂಡಿ ಮಡಚಿದ ಹಾಗೆ ಬಾಗಿ ಮತ್ತೆ ಒಳಗೆ ಹೋಗುತ್ತವೆ. ಒಳಗೆ ನಡೆದರೆ ಯಾರೋ ನೂರಾರು ಜನ ಮಂಡಿಯೂರಿ ಕುಳಿತಂತೆ ಕಾಣುತ್ತದೆ. ಈ ಮರಗಳ ಬೀಜ ಭತ್ತದ ಹಾಗೆ ಒಣಗಿಸಿ ಕಣಜದಲ್ಲಿ ಇಡುವಂಥದ್ದಲ್ಲ. ಒಣಗಿದರೆ ಸತ್ತೇಹೋಗುತ್ತದೆ. ಧೂಪದ ಮರದ್ದೂ ಹಾಗೇ. ಬೀಜ ಬಿದ್ದ ನೆಲ ಹಸಿಯಾಗಿರಬೇಕು, ಮೊಳೆತ ಮೇಲೆ ಮಳೆ ಬಿಡದೆ ಹಿಡಿಯಬೇಕು. ಲಕ್ಷಾಂತರ ವರ್ಷ ಮುಂಗಾರು ಕೊಟ್ಟ ಮಾತು ತಪ್ಪದ ಕಾರಣಕ್ಕೆ ಈ ಮರಗಳು ಅದನ್ನೇ ನಂಬಿ ಬದುಕಿವೆ. ಹೋದ ವರ್ಷ ಮೃಗಶಿರೆಯಲ್ಲಿ ಚೆನ್ನಾಗಿ ಬಂದ ಮಳೆ ಆರಿದ್ರೆಯಲ್ಲಿ ಕೈಕೊಟ್ಟಿತು. ನಮ್ಮ ಕಾನಿನ ಧೂಪದ ಮರದಡಿ ಬೆರಳುದ್ದ ಮೊಳಕೆಗಳು ಹಾಸಿದ ಹಾಗೆ ಎದ್ದಿದ್ದವು. ಹನ್ನೆರಡು ದಿನ ಬಿಸಿಲು. ಹೋಗಿ ನೋಡಿದಾಗ ಬಹುಪಾಲು ಬಾಗಿ ಕಂದಾಗಿದ್ದವು. ದೊಡ್ಡ ಮರ ಮಾತ್ರ ಏನೂ ಆಗದ ಹಾಗೆ ನಿಂತಿತ್ತು. ಹೊರಗಿನಿಂದ ನೋಡಿದವರಿಗೆ ಕಾನು ಸೊಂಪಾಗಿಯೇ ಇದೆ. ಅದಕ್ಕೆ ಮಕ್ಕಳು ಆಗುತ್ತಿಲ್ಲ.

ಗಣಿತದ_ಮೇಷ್ಟ್ರು · ಜೂನ್ 13, ರಾತ್ರಿ 10:15

ಕಾಗದದ ಮೇಲೂ ಕಾಡು ಸೊಂಪಾಗಿಯೇ ಇರುತ್ತದೆ. ದೇಶದ ಅರಣ್ಯ ಸ್ಥಿತಿ ವರದಿ 2023ರ ಪ್ರಕಾರ ಕಾಡು ಮತ್ತು ಮರಗಳ ಹೊದಿಕೆ ಶೇ. 25.17. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆತ್ತಿ ಶೇ. 10ರಷ್ಟು ನೆಲ ಮುಚ್ಚಿದರೆ ಉಪಗ್ರಹದ ಲೆಕ್ಕದಲ್ಲಿ ಅದು ಕಾಡು. ನೀಲಗಿರಿ ತೋಪು, ಮಾವಿನ ತೋಪು, ಕಾಫಿ ತೋಟ ಎಲ್ಲ ಅದರೊಳಗೆ. ಕಾಡು ಹೆಚ್ಚಿತು ಎಂಬ ಸುದ್ದಿ ಓದಿದಾಗ ಯಾವ ಕಾಡು ಎಂದು ಕೇಳಲೇಬೇಕು.

ದರಕಿನ_ಬೆಟ್ಟ · ಜೂನ್ 19, ಸಂಜೆ 6:40

ಐದಾರು ದಿನ ಬರೆಯಲಾಗಲಿಲ್ಲ, ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಇವತ್ತು ಮಳೆ ಬಿಟ್ಟಿತ್ತು. ಹಳೆಯ ಎಣ್ಣೆ ಡಬ್ಬದ ತಳ ಕತ್ತರಿಸಿ ಬಳೆ ಮಾಡಿಕೊಂಡು ಅಪ್ಪನನ್ನೂ ಕರೆದುಕೊಂಡು ಗುಡ್ಡಕ್ಕೆ ಹೋದೆ. ಮೊದಲು ಕಾನಿನ ಮಗ್ಗುಲು. ದರಕು ಸರಿಸದೆ ಬಳೆ ಒತ್ತಿದೆ, ಒಂದು ಬಿಂದಿಗೆ ಸುರಿದೆ. ಎರಡನೇ ಬಿಂದಿಗೆ ತುಂಬಿ ತರುವಷ್ಟರಲ್ಲಿ ಮೊದಲನೆಯದು ಕಾಣೆ. ಆಮೇಲೆ ಅಕೇಶಿಯಾ ಮಗ್ಗುಲು. ಅಪ್ಪ ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಮಡಚಿ, ಹಾಕಿಕೊಂಡು, ಅಗಿದು ಮುಗಿಸಿದರು. ನೀರು ಇನ್ನೂ ಅರ್ಧ ಬಳೆ ನಿಂತಿತ್ತು. ಅಪ್ಪ ಅದರೊಳಗೆ ತಮ್ಮ ಮುಖ ನೋಡುತ್ತಾ ಬಹಳ ಹೊತ್ತು ಕುಳಿತಿದ್ದರು.

ಇಂಗುನೀರು · ಜೂನ್ 19, ರಾತ್ರಿ 8:15

ಒಂದೊಂದು ಮಗ್ಗುಲಲ್ಲೂ ಕಡಿಮೆಯೆಂದರೆ ಹತ್ತು ಕಡೆ ಮಾಡಿ. ಮಣ್ಣು ಒಂದು ಅಡಿಯಿಂದ ಇನ್ನೊಂದು ಅಡಿಗೆ ಬದಲಾಗುತ್ತದೆ, ಒಂದು ಬಿಲ ಸಿಕ್ಕರೂ ಲೆಕ್ಕ ಏರುಪೇರು. ಅಕೇಶಿಯಾ ಮಗ್ಗುಲಲ್ಲಿ ಬೆಂಕಿ, ದನ ಎರಡನ್ನೂ ತಡೆದು, ಮರಗಳನ್ನು ಒಮ್ಮೆಗೇ ಕಡಿಯದೆ ಅಲ್ಲಲ್ಲಿ ತೆಳುಮಾಡಿದರೆ ಅದರ ನೆರಳಲ್ಲೇ ಕಾಡಿನ ಜಾತಿಗಳು ಏಳುತ್ತವೆ. ಪಕ್ಕದಲ್ಲೇ ಕಾನು ಇರುವುದು ನಿಮ್ಮ ಪುಣ್ಯ, ಬೀಜ ತರಲು ಹಕ್ಕಿಗಳಿವೆ. ಹಳ್ಳದ ಹರಿವನ್ನು ದೀಪಾವಳಿಯಿಂದ ವಾರಕ್ಕೊಮ್ಮೆ ಅಳೆಯಿರಿ. ಕಿರಿದಾದ ಕಡೆ ದಬ್ಬೆ ಇಟ್ಟು, ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಎಂದು ಬರೆದರೆ ಸಾಕು. ಮಳೆ ಪುಸ್ತಕದ ಎದುರು ಪುಟದಲ್ಲೇ ಬರೆಯಿರಿ.

ದರಕಿನ_ಬೆಟ್ಟ · ಜೂನ್ 19, ರಾತ್ರಿ 8:50

ಎದುರು ಪುಟಕ್ಕೆ ಅಪ್ಪ ಈಗಲೇ ಗೆರೆ ಹಾಕಿದರು.

ಕಪ್ಪುನೆಲದ_ಶೇಂಗಾ · ಚಳ್ಳಕೆರೆ · ಜೂನ್ 20, ಬೆಳಿಗ್ಗೆ 6:05

ಹಳ್ಳದ ಲೆಕ್ಕ ಇಲ್ಲೂ ಹಾಕ್ತಾ ಇರಿ ಸ್ವಾಮಿ. ನಾನೂ ಒಂದು ಮಳೆಮಾಪಕ ತರಿಸಿದ್ದೇನೆ, ನಿನ್ನೆ ಕಣದ ಮೂಲೆಯಲ್ಲಿ ನೆಟ್ಟೆ. ಇಲ್ಲಿ ಮೂರು ದಿನದಿಂದ ಪಡುವಣ ಗಾಳಿ, ಮೋಡ ಇದೆ, ಹನಿ ಇಲ್ಲ. ನಿಮ್ಮಲ್ಲಿ ಬಿದ್ದ ದಿನ, ನಮ್ಮಲ್ಲಿ ಬಿದ್ದ ದಿನ ಎರಡೂ ಪಕ್ಕಪಕ್ಕ ಇಟ್ಟು ನೋಡೋಣ.